ದರಪಟ್ಟಿ

ಬೆಳಿಗ್ಗೆ ಶಟರ್ ಎತ್ತಿ ಮೊದಲು ಮಾಡುವ ಕೆಲಸ ಇದು:
ಬೋರ್ಡಿನ ಧೂಳು ಒರೆಸಿ ಕೆಂಪು ಅಂಕಿಗಳನ್ನು ತಿದ್ದುವುದು.
ಮೇಲಿನ ಸಾಲು ಡಾಲರು.
ಇಪ್ಪತ್ತೆರಡು ವರ್ಷದಲ್ಲಿ ಅದು ಕದಲಿದ್ದು ನಾನು ಕಂಡಿಲ್ಲ,
ಮತ್ರಾದ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಹಾಗೆ.
ಕೆಳಗಿನವು ಜ್ವರದ ಮಕ್ಕಳು,
ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡಬೇಕು.
ನಮ್ಮ ರೂಪಾಯಿ ಇಳಿದ ದಿನ ಅಂಗಡಿಯ ಮುಂದೆ ಸಾಲು,
ನಮ್ಮವರ ಮುಖದಲ್ಲಿ ಹಬ್ಬ.
ಸ್ವಂತ ನಾಡಿನ ಸೋಲಿಗೆ ಕಾದು ಕೂರುವ ಜನ ನಾವು.
ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಎದುರಿಗೆ ಗುಡ್ಡದ ಮೇಲೆ ಪೋರ್ಚುಗೀಸರ ಕೋಟೆ.
ಹತ್ತಿದವರು ಫೋಟೋ ತೆಗೆದು ಇಳಿಯುತ್ತಾರೆ.
ತೋಪು ಇನ್ನೂ ಬಾಯಿ ತೆರೆದೇ ಇದೆ,
ಒಳಗೆ ಪಾರಿವಾಳದ ಹಿಕ್ಕೆ.
ಚಹಾ ತರುವ ಬಲೂಚಿ ಮುದುಕ ಶಂಬೆ ಹೇಳುತ್ತಾನೆ,
"ಬರುವಾಗ ಅವರೂ ಹೋಗುವ ಖರ್ಚು ಬರೆದಿರಲಿಲ್ಲ."

ಮೂಲ್ಜಿ ಸೇಠರ ಮೇಜಿನ ಕೆಳಖಾನೆಯಲ್ಲಿ
ಹಳೇ ದೊರೆತನಗಳು ಬಿಸ್ಕತ್ತಿನ ಡಬ್ಬಿಯೊಳಗೆ ಮಲಗಿವೆ.
ತಲೆಪಿನ್ನಿನಂತೆ ಮಡಚಿದ ಬೆಳ್ಳಿ ತಂತಿ,
ಹುರ್ಮುಜ್ ಹೊಳೆಯುತ್ತಿದ್ದ ಕಾಲದ ನಾಣ್ಯ.
ದಪ್ಪ ಗಲ್ಲದ ರಾಣಿಯೊಬ್ಬಳ ದುಡ್ಡು,
ಸತ್ತ ಮೇಲೂ ಅವಳ ಮುಖವನ್ನೇ ಒತ್ತುತ್ತಿದ್ದರಂತೆ,
ಬೇರೆ ಮುಖ ಕೊಟ್ಟರೆ ಇಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.
ಮತ್ತೆ ನಮ್ಮದೇ ಕೆಂಪು ಹತ್ತರ ನೋಟು,
ಈ ದಂಡೆಗಳಿಗೆಂದೇ ಅಚ್ಚು ಹಾಕಿದ್ದು.
ಒಂದು ಕಾಲಕ್ಕೆ ಈ ಪೇಟೆಯಲ್ಲಿ ಮೀನು ಕೊಳ್ಳಲೂ ಅದೇ ಬೇಕಿತ್ತು.

ನನ್ನೂರು ಭಟ್ಕಳ.
ಈ ನೀರಿನಿಂದ ಆ ನೀರಿಗೆ ಆಗ ಕುದುರೆಗಳು,
ಹಂಪೆಯ ಲಾಯಕ್ಕೆ.
ದಾರಿಯಲ್ಲಿ ಸತ್ತದ್ದಕ್ಕೂ ರಾಯರು ಹಣ ಕೊಡುತ್ತಿದ್ದರಂತೆ,
ಬಾಲ ತೋರಿಸಿದರೆ ಸಾಕು.
ಈಗ ಆ ನೀರಿನಿಂದ ಈ ನೀರಿಗೆ ನಾವು.
ನಮ್ಮಲ್ಲಿ ಸತ್ತವರಿಗೆ
ಪಾಸ್‌ಪೋರ್ಟಿನ ಜೆರಾಕ್ಸು, ಮೂರು ಪ್ರತಿ.

ಸೇಠರ ತಂಗಿಯ ಮಗ ಲಂಡನ್ನಿನಲ್ಲಿ ಓದಿದವನು.
ಮುಂದಿನ ಇನ್ನೂರು ವರ್ಷವನ್ನು ಕಾಗದದ ಮೇಲೆ ಬಿಡಿಸಿ ತೋರಿಸುತ್ತಾನೆ:
ಎಣ್ಣೆ ಬತ್ತುವ ಗೆರೆ, ಯುವಾನ್ ಏರುವ ಗೆರೆ,
ಆಮೇಲೆ ಯಾರೋ, ಆಮೇಲೆ ಯಾರೋ.
ಹಾಳೆ ಮುಗಿದಲ್ಲಿ ಅವನ ಪೆನ್ನು
ಮೇಜಿನ ಮರದ ಮೇಲೂ ಒಂದಿಷ್ಟು ಓಡಿ ನಿಂತಿತು.
ಶಂಬೆ ಒದ್ದೆ ಬಟ್ಟೆ ತಂದು ಒರೆಸಿದ.

ಗುರುವಾರ ರಾತ್ರಿ, ಮುಚ್ಚುವ ಹೊತ್ತು,
ಟಿಯಾಮಿಕೆ ಬಂದಳು. ಮಲಾವಿಯವಳು,
ರುವಿಯ ಒಂದು ಮನೆಯಲ್ಲಿ ಕೆಲಸಕ್ಕಿದ್ದಾಳೆ.
ಬೋರ್ಡನ್ನು ಮೇಲಿನಿಂದ ಕೆಳಗೆ ಓದಿದಳು,
ಪರೀಕ್ಷೆಯ ಫಲಿತಾಂಶದಲ್ಲಿ ತನ್ನ ನಂಬರು ಹುಡುಕುವ ಹಾಗೆ.
"ನಮ್ಮ ಕ್ವಾಚಾ ಇಲ್ಲವಾ?"
ಇಲ್ಲ, ಡಾಲರಿನಲ್ಲೇ ಹೋಗಬೇಕು ಅಂದೆ.
"ಕ್ವಾಚಾ ಅಂದರೆ ಏನು ಗೊತ್ತಾ? ಬೆಳಗಾಯಿತು ಅಂತ."
ಆಮೇಲೆ ತಾನೇ ನಕ್ಕಳು:
"ನಮ್ಮಜ್ಜಿಯ ಕಾಲದಿಂದ ಆಗುತ್ತಲೇ ಇದೆ."

ಸೇಠರ ಮುತ್ತಜ್ಜನ ವಹಿಯಲ್ಲಿ ಜಾಂಜಿಬಾರಿನ ಪುಟವೊಂದಿದೆ.
ಲವಂಗ ಇಷ್ಟು, ದಂತ ಇಷ್ಟು,
ಕೆಳಗೆ ತೆಳ್ಳನೆ ಶಾಯಿಯಲ್ಲಿ: ತಲೆ, ಹದಿನೇಳು.
ಯಾವ ಸರೋವರದ ಬದಿಯಿಂದ ತಂದದ್ದೋ ಬರೆದಿಲ್ಲ.
ಅವಳ ಊರು ಸರೋವರದ ಬದಿ.
ನಾನು ಅದನ್ನು ಹೇಳಲಿಲ್ಲ.
ಅವಳ ನಲವತ್ತು ರಿಯಾಲನ್ನು ಎರಡು ಸಲ ಎಣಿಸಿದೆ.

ಅವಳು ಹೋದ ಮೇಲೆ ಒಂದು ಚೀಟಿ ಹರಿದು
ದಪ್ಪ ಅಕ್ಷರದಲ್ಲಿ ಬರೆದೆ, ಬೋರ್ಡಿನ ಬುಡಕ್ಕೆ ಅಂಟಿಸಿದೆ.
ದರದ ಜಾಗ ಖಾಲಿ.
ಸ್ವಿಚ್ಚು ಆರಿಸಿದರೆ ಡಾಲರು ಹೋಯಿತು,
ಯೂರೋ, ದಿರ್ಹಮು, ರೂಪಾಯಿ, ಎಲ್ಲ ಕಪ್ಪು ಗಾಜು.
ಬೀದಿದೀಪದ ಬೆಳಕಿಗೆ ಚೀಟಿಯೊಂದೇ ಓದಲು ಸಿಗುತ್ತಿತ್ತು.

ಎಷ್ಟು ದಿನ ನಿಲ್ಲುತ್ತದೋ ಗೊತ್ತಿಲ್ಲ.
ಇಲ್ಲಿನ ಸೆಕೆಗೆ ಕಾಗದ ಬೇಗ ಸುರುಳಿ ಸುತ್ತುತ್ತದೆ,
ಅಂಟೂ ಚೀನಾದ್ದು.